ಮೂಗಕ್ಕನ ಎಂಟು ಬಾಟಲಿಗಳು

ನಾನು ಆ ಕಾಲೇಜಿಗೆ ರಸಾಯನಶಾಸ್ತ್ರದ ಮೇಷ್ಟ್ರಾಗಿ ಸೇರಿದ ಮೊದಲ ದಿನ ವಿಭಾಗದ ಮುಖ್ಯಸ್ಥರು ನನ್ನನ್ನು ಲ್ಯಾಬಿನ ಬಾಗಿಲಲ್ಲಿ ನಿಲ್ಲಿಸಿದರು. ಒಳಗೆ ಗಾಜಿನ ಸಾಮಾನು ತೊಳೆಯುತ್ತಿದ್ದ ಹೆಂಗಸನ್ನು ತೋರಿಸಿ, "ಇವರು ಮೂಗಕ್ಕ. ಏನು ಬೇಕಾದರೂ ಇವರನ್ನ ಕೇಳಿ," ಎಂದು ಹೇಳಿ ಹೊರಟುಹೋದರು. ಮೂಗಕ್ಕ ಎಂದರೆ ಮಾತು ಬಾರದವರು ಎಂದುಕೊಂಡೆ. ಬೇರೆ ಏನೆಂದುಕೊಳ್ಳಲಿ? ಹಾಗಾಗಿ ಮೂರು ದಿನ ಅವರೊಡನೆ ಸನ್ನೆಯಲ್ಲೇ ವ್ಯವಹರಿಸಿದೆ. ಬೀಕರ್ ಬೇಕಾದರೆ ಎರಡೂ ಕೈಗಳಿಂದ ಗುಂಡಗೆ ತೋರಿಸುವುದು, ಬರ್ನರ್ ಬೇಕಾದರೆ ಬೆರಳುಗಳನ್ನು ಉರಿಯಂತೆ ಅಲ್ಲಾಡಿಸುವುದು. ಅವರೂ ಅಷ್ಟೇ ಗಂಭೀರವಾಗಿ ತಲೆಯಾಡಿಸಿ, ಕೈಯಾಡಿಸಿ ಉತ್ತರ ಕೊಟ್ಟರು. ನಾಲ್ಕನೆಯ ದಿನ ಪಿಪೆಟ್ಟಿಗೆ ಯಾವ ಸನ್ನೆ ಮಾಡುವುದೆಂದು ತಿಳಿಯದೆ ನಾನು ತುಟಿ ಚೂಪು ಮಾಡಿ ಗಾಳಿ ಎಳೆದುಕೊಳ್ಳುತ್ತ ನಿಂತಾಗ ಅವರು ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟರು.

"ಸರ್, ಗಂಟಲು ಇನ್ನೂ ಸರಿಹೋಗಲಿಲ್ವಾ? ಕ್ಲಾಸಲ್ಲಿ ಚೆನ್ನಾಗೇ ಮಾತಾಡ್ತೀರಲ್ಲ."

ಪಾಠಕ್ಕೆಂದು ನಾನು ಗಂಟಲನ್ನು ಉಳಿತಾಯ ಮಾಡುತ್ತಿದ್ದೇನೆಂದು ಅವರು ತಿಳಿದಿದ್ದರಂತೆ. ಮಧ್ಯಾಹ್ನದೊಳಗೆ ಈ ಸುದ್ದಿ ಹುಡುಗ ಹುಡುಗಿಯರಿಗೆಲ್ಲ ಮುಟ್ಟಿ, ಆ ಕಾಲೇಜು ಬಿಡುವವರೆಗೂ ನಾನು ಸನ್ನೆ ಮೇಷ್ಟ್ರಾಗಿಯೇ ಉಳಿದೆ.

ಅವರನ್ನು ಮೂಗಕ್ಕ ಎಂದು ಕರೆಯುತ್ತಿದ್ದುದು ಮುಖದ ನಡುವೆ ಇರುವ ಮೂಗಿಗಾಗಿ. ನೋಡಲು ಅದೇನೂ ದೊಡ್ಡದಲ್ಲ, ಸ್ವಲ್ಪ ಚಪ್ಪಟೆಯೇ. ಆದರೆ ಅದರ ಕೆಲಸ ದೊಡ್ಡದು. ಹತ್ತನೆಯ ತರಗತಿಯವರೆಗೆ ಓದಿ, ಮದುವೆಯಾಗಿ, ಗಾಜು ತೊಳೆಯುವ ಕೆಲಸಕ್ಕೆ ಅವರು ಸೇರಿ ಆಗಲೇ ಇಪ್ಪತ್ತೊಂದು ವರ್ಷವಾಗಿತ್ತು. ತೊಳೆಯಲು ಬಂದ ಫ್ಲಾಸ್ಕನ್ನು ಮೂಗಿನ ಹತ್ತಿರ ಹಿಡಿದು ಒಳಗೆ ಯಾವ ದ್ರವವಿತ್ತು, ಹುಡುಗರು ಎಲ್ಲಿ ಹಾಳು ಮಾಡಿದರು ಎಂದು ಹೇಳುತ್ತಿದ್ದರು. ಗ್ಯಾಸಿನ ಕೊಳವೆ ಎಲ್ಲಿ ಸೋರುತ್ತಿದೆ ಎಂಬುದು ಅವರಿಗೆ ಮೊಗಸಾಲೆಯಲ್ಲಿ ನಡೆದು ಬರುವಾಗಲೇ ಗೊತ್ತಾಗುತ್ತಿತ್ತು.

ಎಲ್ಲಕ್ಕಿಂತ ಅವರಿಗೆ ಸಲಿಗೆಯಿದ್ದದ್ದು ಕಾರ್ಬಾಕ್ಸಿಲಿಕ್ ಆಮ್ಲಗಳ ಜೊತೆ. ಇವು ಒಂದೇ ಮನೆತನದ ಆಮ್ಲಗಳು. ಒಂದು ತುದಿಗೆ ಆಮ್ಲದ ತಲೆ, ಅದರ ಹಿಂದೆ ಇಂಗಾಲದ ಬಾಲ. ತಲೆಯಲ್ಲೊಂದು ಇಂಗಾಲ ಇದ್ದೇ ಇರುತ್ತದೆ. ಬಾಲಕ್ಕೆ ಒಂದೊಂದಾಗಿ ಇಂಗಾಲ ಸೇರಿಸುತ್ತ ಹೋದಂತೆ ಒಂದೊಂದು ಹೊಸ ಆಮ್ಲ. ನಮ್ಮ ಲ್ಯಾಬಿನ ಕೆಳಗಿನ ಕಪಾಟಿನಲ್ಲಿ ಒಂದರಿಂದ ಎಂಟು ಇಂಗಾಲದವರೆಗೆ ಎಂಟು ಕಂದು ಬಾಟಲಿಗಳಿದ್ದವು. ಪುಸ್ತಕದಲ್ಲಿ ಅವಕ್ಕೆ ಬೇರೆ ಹೆಸರುಗಳಿದ್ದರೂ ಮೂಗಕ್ಕನ ಲೆಕ್ಕದಲ್ಲಿ ಒಂದನೆಯದು ಹೊಸಕಿದ ಇರುವೆ, ಎರಡನೆಯದು ವಿನೆಗರ್, ಮೂರು ಹುಳಿ ಬೆವರು, ನಾಲ್ಕು ಕೆಟ್ಟ ಬೆಣ್ಣೆ, ಐದು ಕಾಲುಚೀಲ, ಆರು ಆಡು, ಏಳು ಕಮಟು ಎಣ್ಣೆ, ಎಂಟು ಮುದಿ ಆಡು. "ಎಲ್ಲಾ ಅಣ್ಣತಮ್ಮಂದಿರೇ ಸರ್, ಒಬ್ಬನಿಗಿಂತ ಒಬ್ಬ ಗಬ್ಬು," ಎನ್ನುತ್ತಿದ್ದರು, ಮನೆಯ ಮಕ್ಕಳನ್ನು ಬೈಯುವ ದನಿಯಲ್ಲಿ.

ಅವರ ಮನೆ ಕಾಲೇಜಿನ ಹಿಂದಿನ ಎರಡನೆಯ ಬೀದಿಯಲ್ಲಿತ್ತು. ಮುಂದಿನ ಕೋಣೆಯೇ ಗಂಡನ ಹೊಲಿಗೆ ಅಂಗಡಿ. ಗಂಡ ಮಿತಭಾಷಿ, ಬಾಯಲ್ಲಿ ಯಾವಾಗಲೂ ಎರಡು ಮೂರು ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದುದರಿಂದ ಮಾತು ಕಡಿಮೆಯೋ, ಮಾತು ಕಡಿಮೆಯಾದ್ದರಿಂದ ಸೂಜಿ ಕಚ್ಚಿಕೊಳ್ಳುತ್ತಿದ್ದರೋ ತಿಳಿಯದು. ಮೂಲೆಯ ಬೆಂಚಿನ ಮೇಲೆ ಅತ್ತೆ. ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣದ ಆ ಮುದುಕಿ ತೊಡೆಯ ಮೇಲೆ ತಟ್ಟೆಯಿಟ್ಟುಕೊಂಡು ಮಗನಿಗೆ ಗುಂಡಿಗಳನ್ನು ಆರಿಸಿಕೊಡುತ್ತಿದ್ದರು. ತೂತು ಎರಡೋ ನಾಲ್ಕೋ, ಅಂಚು ಚೂಪೋ ಮೊಂಡೋ, ತಟ್ಟೆಗೆ ಬಿದ್ದಾಗ ಸದ್ದು ಹೇಗೆ, ಇಷ್ಟರ ಮೇಲೆ ಅವರ ವಿಂಗಡಣೆ. ನನ್ನ ಅಂಗಿಗೆ ಒಮ್ಮೆಯೂ ತಪ್ಪು ಗುಂಡಿ ಬಿದ್ದಿಲ್ಲ.

ನಾನು ಸೇರಿದ ಎರಡನೆಯ ವರ್ಷ ಮೂಗಕ್ಕನಿಗೆ ಜ್ವರ ಬಂತು. ಒಂಬತ್ತು ದಿನ ಮಲಗಿದರು. ಹತ್ತನೆಯ ದಿನ ಎದ್ದು ಸ್ನಾನಕ್ಕೆ ಹೋದಾಗ ಕೈಯಲ್ಲಿದ್ದ ಸೋಪಿಗೆ ವಾಸನೆಯೇ ಇರಲಿಲ್ಲ. ಸೋಪು ಕೆಟ್ಟಿದೆ ಎಂದುಕೊಂಡರು. ಟವೆಲಿಗೂ ಇಲ್ಲ, ತಲೆಗೆ ಹಚ್ಚುವ ಎಣ್ಣೆಗೂ ಇಲ್ಲ. ಇದನ್ನೆಲ್ಲ ಅವರು ನನಗೆ ಹೇಳಿದ್ದು ಆಮೇಲೆ. ಆಗ ಯಾರಿಗೂ ಹೇಳದೆ ಕೆಲಸಕ್ಕೆ ಬಂದರು. ಮೊದಲಿನ ಹಾಗೆಯೇ ಫ್ಲಾಸ್ಕನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದರು, ತಲೆ ಅಲ್ಲಾಡಿಸುತ್ತಿದ್ದರು, ತೊಳೆಯುತ್ತಿದ್ದರು.

ಮನೆಯಲ್ಲಿ ಗುಟ್ಟು ಹೆಚ್ಚು ದಿನ ನಿಲ್ಲಲಿಲ್ಲ. ಒಂದು ಸಂಜೆ ಒಲೆಯ ಮೇಲೆ ಹಾಲಿಟ್ಟು, ಅದಕ್ಕೆ ಬೆನ್ನು ಹಾಕಿ ಪಾತ್ರೆ ಒರೆಸುತ್ತಿದ್ದಾಗ ಮುಂದಿನ ಕೋಣೆಯಿಂದ ಅತ್ತೆಯ ದನಿ ಬಂತು.

"ಹಾಲು ತಳ ಹಿಡೀತಾ ಇದೆ. ನೀನು ಅಲ್ಲೇ ಇದೀಯಲ್ಲೇ?"

ಮೂಗಕ್ಕ ಒಲೆ ಆರಿಸಿದರು. ಅತ್ತೆ ಗೋಡೆ ಹಿಡಿದುಕೊಂಡು ಒಳಗೆ ಬಂದು ಬಾಗಿಲಲ್ಲಿ ನಿಂತರು.

"ಯಾವಾಗಿಂದ?"

"ಜ್ವರ ಬಿಟ್ಟಾಗಿಂದ."

"ಅವನಿಗೆ ಹೇಳಿದೀಯಾ?"

"ಇಲ್ಲ ಅತ್ತೆ."

"ನನಗೆ ಕಣ್ಣು ಹೋಗ್ತಿದ್ದಾಗ ನಾನೂ ಆರು ತಿಂಗಳು ಹೇಳಿರಲಿಲ್ಲ. ಕಂಬಕ್ಕೆ ಹೋಗಿ ಹಾಯೋವರೆಗೂ," ಎಂದು ಅತ್ತೆ ಅಲ್ಲೇ ಹೊಸ್ತಿಲ ಮೇಲೆ ಕೂತರು. ಸೊಸೆಯನ್ನು ಸಮಾಧಾನ ಮಾಡುವ ಅಭ್ಯಾಸ ಅವರಿಗಿರಲಿಲ್ಲ. ಸೀದ ಹಾಲನ್ನೇ ಒಂದು ಲೋಟ ಕೇಳಿ ಕುಡಿದರು.

ನನಗೆ ಗೊತ್ತಾದದ್ದು ಬೇರೆ ರೀತಿಯಲ್ಲಿ. ಪ್ರಾಕ್ಟಿಕಲ್ ನಡೆಯುತ್ತಿದ್ದಾಗ ಒಬ್ಬ ಹುಡುಗಿಯ ಕೈ ತಾಗಿ ನಾಲ್ಕನೆಯ ಆಮ್ಲ, ಕೆಟ್ಟ ಬೆಣ್ಣೆ, ಮೇಜಿನ ಮೇಲೆಲ್ಲ ಚೆಲ್ಲಿತು. ಇದರ ನಾತ ತಿಳಿದವರಿಗೇ ಗೊತ್ತು; ವಾಂತಿಯನ್ನೇ ನೆನಪಿಸುವಂಥದು. ಮೂವತ್ತು ಮಂದಿಯೂ ಮೂಗು ಮುಚ್ಚಿಕೊಂಡು ಹೊರಗೆ ಓಡಿದರು, ಅವರ ಹಿಂದೆ ನಾನು. ಮೂಗಕ್ಕ ಒಬ್ಬರೇ ಕೈಗವಸು ಹಾಕಿಕೊಂಡು, ಸೋಡಾಪುಡಿ ಚೆಲ್ಲಿ, ಬಟ್ಟೆಯಿಂದ ನಿಧಾನವಾಗಿ ಒರೆಸಿದರು. ಹೊರಗಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಆದರೆ ಒಂದು ಗಂಟೆಯ ಮೇಲೆ ನಾನು ಪಕ್ಕದ ಕೋಣೆಗೆ ಹೋದಾಗ ಅವರು ಊಟದ ಡಬ್ಬಿ ಬಿಚ್ಚಿ ಕೂತಿದ್ದರು. ರವಿಕೆಯ ತೋಳಿನ ತುದಿ ಆ ಆಮ್ಲದಲ್ಲಿ ನೆನೆದು ಹೋಗಿತ್ತು. ಆ ಕೋಣೆಯಲ್ಲಿ ನನಗೆ ಉಸಿರಾಡುವುದೇ ಕಷ್ಟವಾಗಿದ್ದರೆ ಅವರು ತುತ್ತು ಕಲಸುತ್ತಿದ್ದರು.

ನಾನು ಅವರ ತೋಳನ್ನು ನೋಡಿದೆ. ಅವರು ನನ್ನ ಕಣ್ಣು ಹೋದ ಕಡೆ ನೋಡಿ ಡಬ್ಬಿ ಮುಚ್ಚಿದರು.

"ಯಾರಿಗೂ ಹೇಳಬೇಡಿ ಸರ್."

"ಗ್ಯಾಸ್ ಸೋರಿದರೆ ಏನು ಮಾಡ್ತೀರಿ ಅಕ್ಕ?"

"ದಿನಾ ಬೆಳಗ್ಗೆ ಒಂದೊಂದು ನಲ್ಲಿಗೂ ಸೋಪಿನ ನೊರೆ ಹಚ್ಚಿ ನೋಡ್ತೀನಿ. ಸೋರಿದರೆ ಗುಳ್ಳೆ ಏಳುತ್ತೆ. ನೀವು ಬರೋ ಹೊತ್ತಿಗೆ ಮುಗಿಸಿಬಿಟ್ಟಿರ್ತೀನಿ." ಡಬ್ಬಿಯನ್ನು ಪಕ್ಕಕ್ಕಿಟ್ಟು, "ಮೂಗು ಇದ್ದಾಗ ಎಷ್ಟೋ ಸಣ್ಣ ಸೋರಿಕೆ ಗೊತ್ತೇ ಆಗ್ತಿರಲಿಲ್ಲ ಅಂತ ಈಗ ಗೊತ್ತಾಯ್ತು," ಎಂದರು. ಅಷ್ಟು ದುಃಖದ ನಡುವೆಯೂ ಆ ಮಾತು ಹೇಳುವಾಗ ಅವರ ಮುಖದಲ್ಲಿ ಒಂದು ಕುತೂಹಲವಿತ್ತು. ನಾನು ಬಾಯಿ ಮುಚ್ಚಿಕೊಂಡಿರಲು ಒಪ್ಪಿದೆ. ಅದು ಸರಿಯೋ ತಪ್ಪೋ ಇಂದಿಗೂ ನಿರ್ಧರಿಸಲಾಗಿಲ್ಲ.

ಇದಾಗಿ ಎರಡು ತಿಂಗಳಿಗೆ ಹತ್ತು ದಿನಗಳ ರಜೆ ಬಂತು. ರಜೆ ಮುಗಿಸಿ ಬಂದು ಬೀಗ ತೆಗೆದರೆ ಲ್ಯಾಬಿನ ನೆಲದ ಮೇಲೆ ನೀರು. ಕಪಾಟಿನ ಮೇಲೆ ಹಾದುಹೋಗಿದ್ದ ಪೈಪು ಒಡೆದು, ಎಷ್ಟು ದಿನದಿಂದಲೋ ಆ ಎಂಟು ಬಾಟಲಿಗಳ ಮೇಲೆ ಧಾರೆ ಬಿದ್ದಿತ್ತು. ಗಾಜಿನ ಬಿರಡೆಗಳು ಭದ್ರವಾಗಿದ್ದವು, ಒಳಗೆ ಹನಿ ನೀರು ಹೋಗಿರಲಿಲ್ಲ. ಆದರೆ ಲೇಬಲ್ಲುಗಳೆಲ್ಲ ಕಳಚಿ, ಕರಗಿ, ಕಪಾಟಿನ ತಳದಲ್ಲಿ ಹಿಟ್ಟಿನ ಮುದ್ದೆಯಾಗಿದ್ದವು. ಆಮೇಲೆ ಪೈಪು ರಿಪೇರಿಗೆ ಬಂದವನು ಬಾಟಲಿಗಳನ್ನು ಎತ್ತಿ ಎಲ್ಲೆಲ್ಲೋ ಇಟ್ಟಿದ್ದರಿಂದ ಸಾಲೂ ತಪ್ಪಿತ್ತು. ಒಂದೇ ಅಳತೆಯ, ಒಂದೇ ಬಣ್ಣದ ಎಂಟು ಬಾಟಲಿ. ಯಾವುದು ಯಾವುದೆಂದು ಹೇಳುವ ಒಂದು ಅಕ್ಷರವೂ ಇಲ್ಲ. ಪರೀಕ್ಷೆಗೆ ಎಂಟೇ ದಿನ. ಹೊಸದು ತರಿಸಿದರೆ ಬರಲು ಒಂದು ತಿಂಗಳು.

ಮುಖ್ಯಸ್ಥರು ಬಂದು ನೋಡಿದರು. ಒಂದೆರಡನ್ನು ಮೂಸಿ ಮುಖ ತಿರುಗಿಸಿದರು. "ವಿನೆಗರ್ ಯಾವುದು ಅಂತ ನನಗೂ ಗೊತ್ತಾಗುತ್ತೆ. ಉಳಿದದ್ದೆಲ್ಲ ಬರೀ ನಾತ. ನಮ್ಮ ಮೂಗಕ್ಕ ಇರುವಾಗ ಯೋಚನೆ ಯಾಕೆ? ನಾಳೆಯೊಳಗೆ ಹೇಳಿಬಿಡಮ್ಮ. ಇಲ್ಲದಿದ್ದರೆ ಎಲ್ಲಾ ಸುರಿದುಬಿಡೋಣ," ಎಂದು ಹೋದರು.

ಮೂಗಕ್ಕ ಬಾಟಲಿಗಳ ಮುಂದೆ ಸ್ಟೂಲಿನ ಮೇಲೆ ಕೂತರು. ಒಂದೊಂದನ್ನೇ ತೆರೆದು ಗಾಳಿಯನ್ನು ಕೈಯಿಂದ ಮೂಗಿನತ್ತ ಬೀಸಿಕೊಂಡರು. ಎಂಟೂ ಮುಗಿದ ಮೇಲೆ ಬಿರಡೆ ಹಾಕಿ, "ಎಂಟೂ ನೀರೇ," ಎಂದರು.

"ನಾನು ಮುಖ್ಯಸ್ಥರಿಗೆ ಏನಾದರೂ ಹೇಳ್ತೀನಿ ಬಿಡಿ," ಎಂದೆ.

ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. "ಸರ್, ವಾಸನೆ ಬಿಟ್ಟರೆ ಇವಕ್ಕೆ ಬೇರೆ ಏನಿದೆ? ನೀವು ಕ್ಲಾಸಲ್ಲಿ ಹೇಳ್ತಾ ಇರ್ತೀರಲ್ಲ, ನೀರಲ್ಲಿ ಕರಗೋದು, ಕುದಿಯೋದು, ಗಟ್ಟಿಯಾಗೋದು. ನಮ್ಮ ಅತ್ತೆ ಕಣ್ಣಿಲ್ಲದೆ ಗುಂಡಿ ಆರಿಸ್ತಾರೆ."

ಇಪ್ಪತ್ತೆರಡು ವರ್ಷ ಮೂಗೊಂದೇ ಸಾಕಾಗಿದ್ದರಿಂದ ಅವರಿಗೆ ಉಳಿದ ಯಾವುದನ್ನೂ ಪರೀಕ್ಷಿಸುವ ಅಗತ್ಯ ಬಿದ್ದಿರಲಿಲ್ಲ. ನಾನಂತೂ ಈ ಗುಣಗಳನ್ನು ಪುಸ್ತಕದಿಂದ ಕರಿಹಲಗೆಗೆ ಇಳಿಸುವುದನ್ನು ಬಿಟ್ಟು ಕಣ್ಣಾರೆ ನೋಡಿದವನೇ ಅಲ್ಲ. ಇಬ್ಬರೂ ಅಂದೇ ಶುರು ಮಾಡಿದೆವು.

ಮೊದಲು ನೀರು. ಎಂಟು ಟೆಸ್ಟ್ ಟ್ಯೂಬುಗಳಲ್ಲಿ ಹತ್ತು ಹತ್ತು ಮಿಲಿಲೀಟರ್ ನೀರು ತೆಗೆದುಕೊಂಡು ಬಾಟಲಿಗೊಂದರಂತೆ ಆಮ್ಲದ ಹನಿ ಬಿಟ್ಟು ಅಲುಗಿಸಿದರು. ನಾಲ್ಕರಲ್ಲಿ ಆಮ್ಲ ಎಷ್ಟು ಸುರಿದರೂ ನೀರಿನೊಳಗೆ ಸೇರಿ ಗುರುತಿಲ್ಲದಂತಾಯಿತು. ಮತ್ತೊಂದರಲ್ಲಿ ಹತ್ತು ಹನಿಯವರೆಗೆ ಕರಗಿ, ಆಮೇಲೆ ಎಣ್ಣೆಯ ಕಣ್ಣುಗಳು ತೇಲಿದವು. ಇನ್ನೊಂದು ಎರಡೇ ಹನಿಗೆ ಸಾಕೆಂದಿತು. ಉಳಿದ ಎರಡು ಮೊದಲ ಹನಿಯನ್ನೇ ಒಪ್ಪದೆ ಮೇಲೆ ತೇಲಿಸಿಬಿಟ್ಟವು.

"ತಲೆ ನೀರಿನ ಕಡೆ, ಬಾಲ ಎಣ್ಣೆ ಕಡೆ," ಎಂದು ನಾನು ವಿವರಿಸಿದೆ. "ಬಾಲ ಚಿಕ್ಕದಿದ್ದರೆ ತಲೆ ಅದನ್ನ ನೀರಿಗೆ ಎಳೆದುಕೊಂಡು ಹೋಗುತ್ತೆ. ಬಾಲ ಬೆಳೆದಷ್ಟೂ ಎಳೆಯೋಕಾಗಲ್ಲ."

"ಹಾಗಾದರೆ ಒಂದರಿಂದ ನಾಲ್ಕು ಈ ಕಡೆ. ಹತ್ತು ಹನಿಯದ್ದು ಐದು. ಎರಡು ಹನಿಯದ್ದು ಆರು. ಏಳು ಎಂಟು ಇನ್ನೂ ಜಗಳದಲ್ಲಿವೆ," ಎಂದು ಅವರು ಬಾಟಲಿಗಳ ಕೊರಳಿಗೆ ದಾರ ಕಟ್ಟಿ ಗಂಟು ಹಾಕಿದರು. ಐದಕ್ಕೆ ಐದು ಗಂಟು, ಆರಕ್ಕೆ ಆರು.

ಮರುದಿನ ಮುಖ್ಯಸ್ಥರನ್ನು ಕಂಡು ಇನ್ನೂ ಎರಡು ದಿನ ಕೇಳಿಕೊಂಡು ಬಂದು, ಮೊದಲ ನಾಲ್ಕನ್ನು ಕುದಿಸಿದೆವು. ಹೊಗೆ ಎಳೆಯುವ ಗಾಜಿನ ಕಪಾಟಿನೊಳಗೆ, ಎಣ್ಣೆಯ ಪಾತ್ರೆಯಲ್ಲಿ ಪುಟ್ಟ ಫ್ಲಾಸ್ಕ್ ಇಟ್ಟು, ಥರ್ಮಾಮೀಟರ್ ತೂಗುಹಾಕಿ ನಾನು ಕುದಿಸಿದೆ, ಅವರು ಓದಿದರು. ಒಂದು ನೂರಾ ಒಂದು ಡಿಗ್ರಿಗೆ ಕುದಿಯಿತು, ಹೆಚ್ಚು ಕಡಿಮೆ ನೀರಿನಂತೆ. ಇನ್ನೊಂದು ನೂರಾ ಹದಿನೆಂಟು, ಮತ್ತೊಂದು ನೂರಾ ನಲವತ್ತೊಂದು, ಕೊನೆಯದು ನೂರಾ ಅರವತ್ತಮೂರು. ಒಂದು, ಎರಡು, ಮೂರು, ನಾಲ್ಕು ಎಂದು ಗಂಟು ಬಿದ್ದವು.

"ಸ್ಪಿರಿಟ್ಟು ಎಪ್ಪತ್ತೆಂಟಕ್ಕೇ ಕುದಿಯುತ್ತಲ್ಲ ಸರ್. ಈ ಒಂದನೇದು ಅದಕ್ಕಿಂತ ದಪ್ಪಾನಾ?"

"ಇಲ್ಲ, ಎರಡರದ್ದೂ ಅಣುವಿನ ತೂಕ ಒಂದೇ."

"ಮತ್ತೆ ಯಾಕೆ ಇಷ್ಟು ಹಠ?"

ನಾನು ಎರಡೂ ಕೈಗಳನ್ನು ಚಾಚಿ ಅವರಿಗೆ ತೋರಿಸಿದೆ. ಈ ಆಮ್ಲದ ತಲೆಗೆ ಎರಡು ಕೈ ಇದ್ದಂತೆ. ಒಂದು ಅಣುವಿನ ಎರಡು ಕೈಯನ್ನು ಎದುರಿನ ಅಣುವಿನ ಎರಡು ಕೈ ಹಿಡಿಯುತ್ತವೆ. ಹೀಗೆ ಜೋಡಿಯಾಗಿ ಕೂತವನ್ನು ಆವಿಯಾಗಿ ಎಬ್ಬಿಸಲು ಹೆಚ್ಚು ಶಾಖ ಬೇಕು.

ಅವರು ಫ್ಲಾಸ್ಕಿನ ಕುತ್ತಿಗೆಯಲ್ಲಿ ಏರುತ್ತಿದ್ದ ಆವಿಯನ್ನೇ ನೋಡುತ್ತ, "ಕೈ ಬಿಡಿಸಿಕೊಂಡೇ ಯಾಕೆ ಏಳಬೇಕು? ಕೈ ಹಿಡಿದುಕೊಂಡೇ ಇಬ್ಬರೂ ಮೇಲೆ ಹೋಗಬಹುದಲ್ಲ," ಎಂದರು.

ನಿಜಕ್ಕೂ ಆಗುವುದು ಅದೇ. ಈ ಆಮ್ಲಗಳ ಆವಿಯಲ್ಲೂ ಬಹುಪಾಲು ಜೋಡಿಗಳು ಹಾಗೇ ಇರುತ್ತವೆ. ಎರಡು ಅಣು ಸೇರಿ ಒಂದು ಭಾರವಾದ ಅಣುವಿನಂತೆ ವರ್ತಿಸುವುದೂ ಆ ಹಠಕ್ಕೆ ಒಂದು ಕಾರಣ. ನಾನಿದನ್ನು ಎಂ.ಎಸ್ಸಿ.ಯಲ್ಲಿ ಓದಿ, ಪರೀಕ್ಷೆ ಬರೆದು, ಮರೆತಿದ್ದೆ. ಅವರು ಆವಿಯನ್ನು ನೋಡಿ ಕೇಳಿದರು.

ಉಳಿದದ್ದು ಏಳು ಮತ್ತು ಎಂಟರ ಜಗಳ. ಅದನ್ನು ಮಂಜುಗಡ್ಡೆ ಬಿಡಿಸಿತು. ಮಂಜಿನ ನೀರಿಗೆ ಎರಡನ್ನೂ ಇಳಿಸಿದರೆ ಒಂದು ಕೂಡಲೇ ಬಿಳಿಯ ಹರಳಾಗಿ ಗಟ್ಟಿಯಾಯಿತು, ಇನ್ನೊಂದು ಹಾಗೇ ಇತ್ತು. ಗಟ್ಟಿಯಾದದ್ದು ಎಂಟು; ಅಷ್ಟು ನನಗೆ ಪುಸ್ತಕದಿಂದ ನೆನಪಿತ್ತು. ಅಲ್ಲಿಗೆ ನಮ್ಮ ಕೆಲಸ ಮುಗಿದಿತ್ತು. ನಾನು ಕೈ ಒರೆಸಿಕೊಂಡೆ.

ಮೂಗಕ್ಕ ಮಾತ್ರ ಏಳಲಿಲ್ಲ. "ಮಂಜು ಮಿಕ್ಕಿದೆ. ಎಲ್ಲಾನೂ ಇಳಿಸಿ ನೋಡೋಣ," ಎಂದರು. ಎಂಟು ಟ್ಯೂಬುಗಳನ್ನು ಸಾಲಾಗಿ ಮಂಜಿನ ನೀರಿನಲ್ಲಿ ನಿಲ್ಲಿಸಿದರೆ ಒಂದು, ಎರಡು, ಎಂಟು ಗಟ್ಟಿಯಾದವು. ಮಂಜಿಗೆ ಉಪ್ಪು ಸೇರಿಸಿ ಇನ್ನೂ ತಣ್ಣಗೆ ಮಾಡಿದಾಗ ಮೊದಲು ಆರು, ಆಮೇಲೆ ನಾಲ್ಕು, ಏಳು ಗಟ್ಟಿಯಾದವು. ಮೂರು ಮತ್ತು ಐದು ಮಾತ್ರ ಏನು ಮಾಡಿದರೂ ನೀರಾಗಿಯೇ ಉಳಿದವು. ಅವರು ಟ್ಯೂಬುಗಳನ್ನು ಎತ್ತಿ ಎತ್ತಿ ನೋಡಿದರು.

"ಎರಡು, ನಾಲ್ಕು, ಆರು, ಎಂಟು ಎಲ್ಲಾ ಗಟ್ಟಿ. ನಡುವೆ ಇರೋವು ಒಪ್ಪಲ್ಲ. ಏಳನೇದೂ ಆರಕ್ಕಿಂತ ಹಿಂದೇನೇ. ಸರ್, ಇದು ಮೆಟ್ಟಿಲಲ್ಲ. ಒಂದು ಹತ್ತುತ್ತೆ, ಒಂದು ಇಳಿಯುತ್ತೆ."

ಅಷ್ಟರಲ್ಲಿ ಮುಖ್ಯಸ್ಥರು ಬಂದರು. ಸಾಲಾಗಿ ನಿಂತ ಟ್ಯೂಬುಗಳನ್ನೂ ನಮ್ಮ ಅಂಕಿಗಳನ್ನೂ ನೋಡಿ ಅವರ ಹುಬ್ಬು ಗಂಟಿಕ್ಕಿತು.

"ಇದು ತಪ್ಪು. ಬಾಲ ಉದ್ದ ಆದಷ್ಟೂ ಬೇಗ ಗಟ್ಟಿಯಾಗಬೇಕು. ನಾಲ್ಕು ಗಟ್ಟಿಯಾಗಿದೆ, ಐದು ಆಗಿಲ್ಲ. ಎರಡನ್ನೂ ಅದಲುಬದಲು ಮಾಡಿದ್ದೀರಿ. ಪರೀಕ್ಷೆಯಲ್ಲಿ ತಪ್ಪು ಆಮ್ಲ ಕೊಟ್ಟರೆ ಮಕ್ಕಳ ಗತಿ ಏನು?"

ನಾನು ಹಿಂದೆ ಮುಂದೆ ನೋಡಿದೆ. ನನಗೂ ಅನುಮಾನ ಬಂದಿತ್ತು. ಮೂಗಕ್ಕ ದಾರ ಕಟ್ಟಿದ ಬಾಟಲಿಗಳನ್ನು ಮುಂದಕ್ಕೆ ಸರಿಸಿದರು.

"ನಾಲ್ಕನೇದು ನೀರಲ್ಲಿ ಪೂರ್ತಿ ಸೇರುತ್ತೆ ಸರ್. ಐದನೇದು ಹತ್ತು ಹನಿ ಆದಮೇಲೆ ತೇಲುತ್ತೆ. ಮೂರು ಸಲ ಮಾಡಿದೀನಿ. ಅದಲುಬದಲು ಅಂದರೆ ನೀರು ಸುಳ್ಳು ಹೇಳ್ತಿದೆ ಅಂತ ಆಗುತ್ತೆ."

"ವಾದ ಯಾಕೆ? ಮೂಸಿ ಹೇಳಿಬಿಡು, ಮುಗೀತಲ್ಲ."

ನಾನು ಏನೋ ಹೇಳಲು ಹೋದೆ. ಮೂಗಕ್ಕ ಕೈ ಅಡ್ಡ ಹಿಡಿದು ನಿಲ್ಲಿಸಿದರು.

"ನನಗೆ ವಾಸನೆ ಬರಲ್ಲ ಸರ್. ಜ್ವರ ಬಂದಾಗಿಂದ ಹೋಗಿದೆ. ಹೇಳಲಿಲ್ಲ, ನನ್ನದು ತಪ್ಪು. ಆದರೆ ಈ ಬಾಟಲಿ ಸರಿಯಾಗಿದೆ."

ಮುಖ್ಯಸ್ಥರು ಕೇಳಿದ್ದು ಒಂದೇ ಮಾತು: "ಗ್ಯಾಸು?" ಮೂಗಕ್ಕ ನೊರೆಯ ಡಬ್ಬಿಯನ್ನೂ ಬ್ರಷನ್ನೂ ತಂದು ತೋರಿಸಿದರು. ಮುಖ್ಯಸ್ಥರು ತಾವೇ ಮೊದಲ ಮೇಜಿನ ನಲ್ಲಿಗೆ ನೊರೆ ಹಚ್ಚಿದರು, ಎರಡನೆಯದಕ್ಕೆ, ಮೂರನೆಯದಕ್ಕೆ. ಎಲ್ಲೂ ಗುಳ್ಳೆ ಏಳಲಿಲ್ಲ. ತಿರುಗಿ ಬಂದು ನನಗೆ, "ಲೈಬ್ರರಿಯಿಂದ ದಪ್ಪ ಕೈಪಿಡಿ ತನ್ನಿ," ಎಂದರು.

ಕೈಪಿಡಿಯ ಪುಟ ತೆರೆದು ನಾನೇ ಗಟ್ಟಿಯಾಗಿ ಓದಿದೆ. ನಾಲ್ಕು ಇಂಗಾಲದ್ದು ಸೊನ್ನೆಗಿಂತ ಐದು ಡಿಗ್ರಿ ಕೆಳಗೆ ಗಟ್ಟಿಯಾಗುತ್ತದೆ. ಐದರದ್ದು ಮೂವತ್ತನಾಲ್ಕು ಕೆಳಗೆ. ಆರರದ್ದು ಮೂರು ಕೆಳಗೆ. ಏಳು, ಮತ್ತೆ ಏಳೂವರೆ ಕೆಳಗೆ. ಎಂಟು, ಹದಿನಾರು ಮೇಲೆ. ಹತ್ತುವುದು, ಇಳಿಯುವುದು, ಹತ್ತುವುದು. ಮೂಗಕ್ಕ ಕಂಡದ್ದು ಕಂಡ ಹಾಗೆಯೇ ಅಲ್ಲಿ ಅಚ್ಚಾಗಿತ್ತು.

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡರು. "ಮೂವತ್ತು ವರ್ಷದಿಂದ ಪಾಠ ಮಾಡ್ತಿದೀನಿ. ಒಂದು ದಿನ ಈ ಎಂಟನ್ನೂ ಸಾಲಾಗಿ ಮಂಜಲ್ಲಿ ಇಟ್ಟು ನೋಡಿರಲಿಲ್ಲ," ಎಂದರು. ಲೇಬಲ್ಲುಗಳನ್ನು ಮೂಗಕ್ಕನೇ ಬರೆಯಬೇಕೆಂದು ಹೇಳಿ ತಮ್ಮ ಪೆನ್ನು ಕೊಟ್ಟರು.

ಮೂಗಕ್ಕ ಪೆನ್ನು ಹಿಡಿದು, ಬರೆಯದೆ, "ಯಾಕೆ ಹಾಗೆ ಸರ್?" ಎಂದು ಕೇಳಿದರು. ಮುಖ್ಯಸ್ಥರು ನನ್ನನ್ನು ನೋಡಿದರು. ನಾನು ಕೈಪಿಡಿಯನ್ನು ನೋಡಿದೆ. ಕೈಪಿಡಿಯಲ್ಲಿ ಅಂಕಿಗಳಿದ್ದವು, ಕಾರಣವಿರಲಿಲ್ಲ.

ಪರೀಕ್ಷೆ ಸುಸೂತ್ರವಾಗಿ ನಡೆಯಿತು. ಪುಸ್ತಕಗಳಲ್ಲಿ ಕಾರಣ ಹುಡುಕಿ ತಿಳಿದುಕೊಂಡು ನಾನು ಮೂಗಕ್ಕನ ಮನೆಗೆ ಹೋದದ್ದು ಅದಾದ ಮರುದಿನ. ಇಂಗಾಲದ ಬಾಲ ನೇರವಾಗಿರುವುದಿಲ್ಲ, ಅಂಕುಡೊಂಕಾಗಿ ಏರಿಳಿಯುತ್ತದೆ ಎಂದು ಹೇಳುತ್ತಿದ್ದಂತೆ ಗಂಡ ಬಾಯಿಂದ ಸೂಜಿ ತೆಗೆದು, ಡ್ರಾಯರಿನಿಂದ ಅಲೆಯಲೆಯಾದ ಡೊಂಕು ಲೇಸಿನ ಸುರುಳಿಯೊಂದನ್ನು ಮೇಜಿನ ಮೇಲಿಟ್ಟರು. "ಹೀಗಾ?" ಆ ಮನೆಯಲ್ಲಿ ಅವರ ಮಾತು ಕೇಳಿದ್ದು ನನಗೆ ಅದು ಎರಡನೆಯ ಸಲವಿರಬೇಕು.

ಹೀಗೇ. ನಾವು ಲೇಸನ್ನು ತುಂಡು ತುಂಡಾಗಿ ಕತ್ತರಿಸಿದೆವು. ಮೂಲೆಗೊಂದು ಇಂಗಾಲದ ಲೆಕ್ಕದಲ್ಲಿ ಕೆಲವಕ್ಕೆ ಆರು ಮೂಲೆ, ಕೆಲವಕ್ಕೆ ಐದು. ಪ್ರತಿಯೊಂದರ ತಲೆಗೆ ಒಂದು ಗುಂಡಿ. ಆರು ಮೂಲೆಯ ತುಂಡಿನಲ್ಲಿ ಗುಂಡಿ ಮೇಲಕ್ಕಿದ್ದರೆ ಬಾಲದ ತುದಿ ಕೆಳಕ್ಕೆ. ಐದು ಮೂಲೆಯದರಲ್ಲಿ ಎರಡೂ ಒಂದೇ ಕಡೆಗೆ. ಸಮಸಂಖ್ಯೆಯ ತುಂಡುಗಳನ್ನು ಒತ್ತೊತ್ತಾಗಿ ಸಾಲು ಸಾಲು ಇಟ್ಟರೆ ತುದಿಗೆ ತುದಿ ಹೊಂದಿ ಕೂರುತ್ತಿತ್ತು. ಬೆಸಸಂಖ್ಯೆಯವು ಎಲ್ಲೋ ಒಂದು ಕಡೆ ಎದ್ದು ಸಂದು ಬಿಡುತ್ತಿದ್ದವು. ಒತ್ತಾಗಿ ಕೂತವನ್ನು ಕರಗಿಸಲು ಹೆಚ್ಚು ಶಾಖ ಬೇಕು, ಸಡಿಲವಾಗಿ ಕೂತವು ಬೇಗ ಬಿಟ್ಟುಕೊಡುತ್ತವೆ. ಅತ್ತೆ ಬೆಂಚಿನಿಂದ ಎದ್ದು ಬಂದು ಎರಡೂ ರಾಶಿಯ ಮೇಲೆ ಬೆರಳಾಡಿಸಿದರು.

"ಇದು ಸರಿಯಾಗಿ ಕೂತಿದೆ. ಇದು ಕೂತಿಲ್ಲ, ಸಂದಿಯಲ್ಲಿ ಬೆರಳು ಹೋಗುತ್ತೆ," ಎಂದರು. ಆಮೇಲೆ, "ಇದಕ್ಕೆ ಇಷ್ಟು ಓದಬೇಕಾ?" ಎಂದು ಕೇಳಿದರು.

ಮೂಗಕ್ಕನ ಕೆಲಸಕ್ಕೆ ತೊಂದರೆಯಾಗಲಿಲ್ಲ. ಮುಖ್ಯಸ್ಥರು ಗೋಡೆಗೆ ಗ್ಯಾಸಿನ ಅಲಾರಂ ಹಾಕಿಸಿದರು. ಅದನ್ನು ನಂಬದೆ ಮೂಗಕ್ಕ ನೊರೆಯನ್ನೂ ಹಚ್ಚುತ್ತಿದ್ದರು. ಒಂದು ವರ್ಷದ ಮೇಲೆ ವಾಸನೆ ಸ್ವಲ್ಪ ಸ್ವಲ್ಪ ಹಿಂದಿರುಗಿತು, ಆದರೆ ಹಳೆಯ ಕ್ರಮದಲ್ಲಲ್ಲ. ಹೂವು ಸುಟ್ಟ ರಬ್ಬರಿನಂತೆ, ಸೋಪು ಹಸಿ ಸೌತೆಕಾಯಿಯಂತೆ. ಅದನ್ನು ಅವರು ಗೋಳಾಗಿ ಹೇಳದೆ ಸಮಾಚಾರವಾಗಿ ಹೇಳುತ್ತಿದ್ದರು.

ಅಷ್ಟರಲ್ಲಿ ಅವರ ಕಣ್ಣು ಮೇಲಿನ ಕಪಾಟಿನ ಮೇಲೆ ಬಿದ್ದಿತ್ತು. ಅಲ್ಲಿ ಒಂಬತ್ತರಿಂದ ಹದಿನೆಂಟು ಇಂಗಾಲದವರೆಗಿನ ಆಮ್ಲಗಳಿದ್ದವು, ಒಂದನ್ನು ಬಿಟ್ಟು. ಮೇಲೆ ಹೋದಂತೆ ನಾತ ಕಡಿಮೆಯಾಗಿ, ಮೇಣದಂತೆ ಬೆಳ್ಳಗೆ, ಜಾರುವ ಚೂರುಗಳಾಗಿ, ನೀರಿನತ್ತ ತಿರುಗಿಯೂ ನೋಡದಂಥವು. ಪ್ರತಿ ಶನಿವಾರ ಕೆಲಸ ಮುಗಿದ ಮೇಲೆ ಒಂದನ್ನು ತೆಗೆದು ಸಣ್ಣ ಗಾಜಿನ ಕೊಳವೆಯಲ್ಲಿ ತುಂಬಿ, ಥರ್ಮಾಮೀಟರಿಗೆ ಕಟ್ಟಿ, ಬಿಸಿ ಮಾಡಿ, ಯಾವ ಡಿಗ್ರಿಗೆ ಕರಗುತ್ತದೆಂದು ಲ್ಯಾಬಿನ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆದಿಟ್ಟರು. ಪುಸ್ತಕದಲ್ಲಿ ಇದೆಯಲ್ಲ ಅಕ್ಕ ಎಂದರೆ, "ಇರಲಿ ಬಿಡಿ ಸರ್, ನನ್ನ ಕೈಯಲ್ಲೂ ಇರಲಿ," ಎನ್ನುತ್ತಿದ್ದರು. ಗೋಡೆಯ ಮೇಲಿನ ಅವರ ಪಟ್ಟಿ ಹತ್ತಿ ಇಳಿದು, ಹತ್ತಿ ಇಳಿದು ಹದಿನಾರಕ್ಕೆ ಬಂದು ನಿಂತಿತು: ಅರವತ್ತಮೂರು ಡಿಗ್ರಿ. ಹದಿನೆಂಟಕ್ಕೆ ಅರವತ್ತೊಂಬತ್ತು. ನಡುವಿನ ಹದಿನೇಳು ಕಾಲೇಜಿನಲ್ಲಿ ಇರಲೇ ಇಲ್ಲ. ಎಣ್ಣೆ ಕೊಬ್ಬುಗಳಲ್ಲಿ ಸಿಗುವುದೆಲ್ಲ ಹೆಚ್ಚಾಗಿ ಸಮಸಂಖ್ಯೆಯವು; ಹದಿನೇಳು ಅಪರೂಪ.

ಆ ಖಾಲಿ ಜಾಗ ಎರಡು ವರ್ಷ ಹಾಗೇ ಇತ್ತು. ನನಗೆ ಬೇರೆ ಕಾಲೇಜಿಗೆ ವರ್ಗವಾಯಿತು. ಅಲ್ಲಿಯ ಸಂಶೋಧನಾ ಲ್ಯಾಬಿನಲ್ಲಿ ಒಂದು ದಿನ ಆ ಹದಿನೇಳು ಕಣ್ಣಿಗೆ ಬಿತ್ತು. ಬೇಡಿಕೊಂಡು ಒಂದು ಚಿಟಿಕೆ ತೆಗೆದುಕೊಂಡು, ಶೀಶೆಯಲ್ಲಿ ಹಾಕಿ, ನಮ್ಮ ಕಾಲೇಜಿಗೆ ರಜೆಯಿದ್ದ ದಿನ ನಾನೇ ಮೂಗಕ್ಕನ ಲ್ಯಾಬಿಗೆ ಒಯ್ದೆ.

ಅಲ್ಲಿ ಮೊದಲ ವರ್ಷದ ಹುಡುಗರಿದ್ದರು. ಮೂಗಕ್ಕ ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿ, ಅವರನ್ನೆಲ್ಲ ಮೇಜಿನ ಸುತ್ತ ಕರೆದರು. "ಹದಿನಾರು ಅರವತ್ತಮೂರಕ್ಕೆ ಕರಗುತ್ತೆ, ಹದಿನೆಂಟು ಅರವತ್ತೊಂಬತ್ತಕ್ಕೆ. ಹದಿನೇಳು ಎಷ್ಟಕ್ಕೆ?" ಎಂದು ಕೇಳಿದರು.

"ಅರವತ್ತಾರು," ಎಂದರು ಎಲ್ಲರೂ, ಯೋಚನೆ ಮಾಡದೆ.

ಅವರು ನಗಲಿಲ್ಲ. "ನೋಡೋಣ," ಎಂದು ಬರ್ನರ್ ಹಚ್ಚಿ ಉರಿ ಸಣ್ಣಗೆ ಮಾಡಿದರು. ಪಾದರಸ ಐವತ್ತು ದಾಟಿತು, ಐವತ್ತೈದು ದಾಟಿತು. ಅರವತ್ತರ ಗೆರೆಯ ಹತ್ತಿರ ಕೊಳವೆಯೊಳಗಿನ ಬಿಳಿ ಪುಡಿ ಅಂಚಿನಲ್ಲಿ ಒದ್ದೆಯಾಯಿತು, ಕುಸಿಯಿತು, ತಿಳಿಯಾಯಿತು. ಮುಂದೆ ನಿಂತಿದ್ದ ಹುಡುಗಿ ಬಗ್ಗಿ ಓದಿದಳು: "ಅರವತ್ತೊಂದು. ಹದಿನಾರಕ್ಕಿಂತ ಕಡಿಮೆ. ಹೇಗೆ ಮೂಗಕ್ಕ?"

ಮೂಗಕ್ಕ ಗೋಡೆಯ ಹತ್ತಿರ ಹೋಗಿ ಖಾಲಿ ಜಾಗದಲ್ಲಿ ಆ ಅಂಕಿಯನ್ನು ಬರೆದರು. ಆಮೇಲೆ ಸ್ಟೂಲು ಎಳೆದುಕೊಂಡು ಆ ಹುಡುಗಿಯ ಎದುರು ಕೂತು, "ಮೊದಲು ನೀನು ಹೇಳು, ಯಾಕಿರಬಹುದು?" ಎಂದರು.